ಹಿನ್ನೆಲೆ

ಸಿಲೆಬಸ್ಸಿನಲ್ಲಿ ಬರೆದಿದೆ: ಹಿನ್ನೆಲೆ, ಎರಡು ಪೀರಿಯಡ್ಡು.
ನಾನೂರು ವರ್ಷಕ್ಕೆ ನೂರು ನಿಮಿಷ.
ಅದರಲ್ಲಿ ಹಾಜರಿಗೆ ಹತ್ತು,
ಕರೆಂಟು ಹೋಗಿ ಹುಡುಗರು ಹೋ ಎನ್ನುವುದಕ್ಕೆ ಐದು.

ಸೊರಬದ ಕಾಲೇಜು, ಕೊನೆಯ ಕೋಣೆ.
ಕಿಟಕಿಯಾಚೆ ಶುಂಠಿ ಹರವಿದ ಟಾರ್ಪಾಲು.
ನನ್ನ ಕೈಯಲ್ಲಿ ಸಮುದ್ರದಾಚೆಯ ಕಾದಂಬರಿ:
ಕಂಡವರ ಬಟ್ಟೆ ಒಗೆಯುವ ಕರಿಯ ಹೆಂಗಸು, ಅವಳ ಮಗ,
ಅವನು ಹತ್ತಬಾರದಿದ್ದ ಲೈಬ್ರರಿಯ ಏಳು ಮೆಟ್ಟಿಲು.
ಎಂಟನೆಯ ಅಧ್ಯಾಯದಲ್ಲಿ ಹುಡುಗ ಇರುವುದಿಲ್ಲ.
ಯಾಕೆ ಇರುವುದಿಲ್ಲ ಎಂದು ಹೇಳುವ ಮೊದಲು
ಹಿನ್ನೆಲೆ ಹೇಳಬೇಕು.

ಇತಿಹಾಸ ವಿಭಾಗದಿಂದ ಜಗತ್ತನ್ನು ಕಡ ತಂದೆ.
ಬಟ್ಟೆಯ ನಕ್ಷೆ, ಮೇಲೂ ಕೆಳಗೂ ಮರದ ಕೋಲು,
ಆಫ್ರಿಕದ ಹೊಟ್ಟೆಯಲ್ಲಿ ಇಲಿ ಕಡಿದ ತೂತು.
ಗೋಡೆಯಲ್ಲಿ ಮೊಳೆಯಿಲ್ಲ.
"ಗುತ್ಯಪ್ಪ, ಸ್ವಲ್ಪ ಹಿಡ್ಕೊಳ್ಳಿ" ಅಂದೆ.
ಅಟೆಂಡರ್ ಗುತ್ಯಪ್ಪ ಎರಡೂ ಕೈ ಮೇಲೆತ್ತಿ
ಭೂಮಿಯ ಹಿಂದೆ ಮರೆಯಾದರು.
ಕೆಳಗೆ, ದಕ್ಷಿಣ ಧ್ರುವ ಮುಗಿದಲ್ಲಿ,
ಖಾಕಿ ಪ್ಯಾಂಟು, ಸವೆದ ಹವಾಯಿ ಚಪ್ಪಲಿ.

ಇಲ್ಲಿಂದ ಇಲ್ಲಿಗೆ, ಎಂದು ಸ್ಕೇಲಿನಿಂದ ತೋರಿಸಿದೆ.
ನೆಲದ ಮೇಲೆ ಚಾಕ್‌ಪೀಸಿನಲ್ಲಿ ಒಂದೂವರೆ ಅಡಿ ಅಳೆದೆ:
ಹಡಗಿನ ತಳದಲ್ಲಿ ಒಬ್ಬ ಮನುಷ್ಯನಿಗೆ ಇಷ್ಟು ಜಾಗ,
ಎರಡು ತಿಂಗಳು.
ರೇಷ್ಮಾಬಾನು ಕಾಲು ಹಿಂದಕ್ಕೆಳೆದುಕೊಂಡಳು.
"ಇದು ಪರೀಕ್ಷೆಗೆ ಬರುತ್ತಾ ಮೇಡಂ?"
ಬರುತ್ತೆ, ಐದು ಅಂಕ.
ಬೆಂಚುಗಳೆಲ್ಲ ಒಟ್ಟಿಗೆ ಪೆನ್ನು ತೆರೆದವು.

ಹೇಳುತ್ತ ಹೋದೆ.
ಅಕ್ಷರ ಕಲಿಸಿದವರಿಗೆ ಬಿದ್ದ ದಂಡ,
ಕಲಿತವರ ಬೆನ್ನಿಗೆ ಬಿದ್ದದ್ದು.
ಕಾಗದದಲ್ಲಿ ಸತ್ತ ಕಾಯಿದೆ
ಊರೂರಲ್ಲಿ ನೂರು ವರ್ಷ ಬದುಕಿದ್ದು:
ಎರಡು ನಲ್ಲಿ, ಎರಡು ಬಾಗಿಲು, ರೈಲಿನ ಬೇರೆ ಡಬ್ಬಿ.
ಮರಕ್ಕೆ ನೇತುಹಾಕಿ ಫೋಟೋ ತೆಗೆಸಿಕೊಂಡ ಜನ,
ಮುಂದಿನ ಸಾಲಿನಲ್ಲಿ ಇಸ್ತ್ರಿ ಬಟ್ಟೆಯ ಮಕ್ಕಳು.
ಅಟ್ಲಾಂಟಿಕ್ ಒಮ್ಮೆ ನಡುಗಿತು.
"ಸರಿಯಾಗಿ ಹಿಡೀರಿ ಗುತ್ಯಪ್ಪ" ಅಂದೆ,
ತಿರುಗಿ ನೋಡದೆ.

ಸಂಶಯ ಇದೆಯಾ? ಯಾರಿಗೂ ಇರಲಿಲ್ಲ.
ಶಿವಮೊಗ್ಗದಿಂದ ತರಿಸಿದ ಗೈಡಿನಲ್ಲಿ ಎಲ್ಲ ಇದೆ, ಪುಟ ಮೂವತ್ತೊಂದು.
ಆಗ ನಕ್ಷೆಯ ಹಿಂದಿನಿಂದ:
"ಮೇಡಮ್ಮಾ, ಆ ಹಡಗ್ನಾಗೆ ಅವ್ರಿಗೆ ಕುಡಿಯೋ ನೀರು
ಕೈಗೆ ಕೊಡ್ತಿದ್ರಾ,
ಮೇಲಿಂದ ಹೊಯ್ತಿದ್ರಾ?"

ಮಾತಾಡುವ ನಕ್ಷೆ ಕಂಡು ಹುಡುಗರು ನಕ್ಕರು.
ಹಿಂದಿನ ಬೆಂಚಿನ ಇಬ್ಬರು ನಗಲಿಲ್ಲ.
ನನ್ನ ನೋಟ್ಸಿನಲ್ಲಿ ಹಡಗಿನ ಉದ್ದವಿತ್ತು, ಅಗಲವಿತ್ತು,
ದಾರಿಯಲ್ಲಿ ಸತ್ತವರ ಲೆಕ್ಕವಿತ್ತು.
ನೀರಿನ ಮಾತಿರಲಿಲ್ಲ.
ಗೊತ್ತಿಲ್ಲ ಗುತ್ಯಪ್ಪ, ಎಂದೆ.

ಮೇಲಿಂದ ಹೊಯ್ದ ನೀರು ಎಷ್ಟು ಬಾಯಿಗೆ, ಎಷ್ಟು ಮೂಗಿಗೆ,
ಎಷ್ಟು ಮೊಣಕೈಯಿಂದಿಳಿದು ಮಣ್ಣಿಗೆ,
ನಮ್ಮ ಹಿತ್ತಿಲ ಬಾಗಿಲಲ್ಲಿ ತಂಬಿಗೆ ಎತ್ತಿ ನಿಂತ
ಅಜ್ಜಿಯ ಬಳೆ ಆಗ ಹೇಗೆ ಸದ್ದು ಮಾಡುತ್ತಿತ್ತು,
ಅದು ಗೊತ್ತಿತ್ತು.
ಹೇಳಲಿಲ್ಲ.

ಸಂಜೆ ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡಿಂಚಿನ ಮೊಳೆ ಕೊಂಡೆ.
ಹತ್ತು ರೂಪಾಯಿಗೆ ಒಂದು ಹಿಡಿ,
ಪ್ರಾಯಶ್ಚಿತ್ತ ಇಷ್ಟು ಅಗ್ಗವೆಂದು ತಿಳಿದಿರಲಿಲ್ಲ.
ಬೆಳಿಗ್ಗೆ ಕೊಟ್ಟರೆ ಗುತ್ಯಪ್ಪ ನಕ್ಕರು.
"ಮೊಳೆ ನನ್ಹತ್ರಾನೂ ಅದಾವೆ ಮೇಡಮ್ಮಾ, ಡ್ರಾಯರ್ ತುಂಬ."
ಮತ್ತೆ ನಿನ್ನೆ ಯಾಕೆ ಅಷ್ಟು ಹೊತ್ತು...
"ಮೊಳೆ ಹೊಡದ್ರೆ ನಾ ಹೊರಗೆ ಹೋಗ್ಬೇಕಿತ್ತಲ್ರೀ."

ಇವತ್ತಿನ ಪಾಠಕ್ಕೆ ನಕ್ಷೆ ಬೇಕಿಲ್ಲ.
ಹುಡುಗ ಮೆಟ್ಟಿಲು ಹತ್ತುವ ಅಧ್ಯಾಯ.
ಆದರೂ ತರಿಸಿದೆ, ಮೊಳೆ ಹೊಡೆಸಿದೆ, ತೂಗುಹಾಕಿಸಿದೆ.
ಆಮೇಲೆ "ಕೂತ್ಕೊಳ್ಳಿ" ಅಂದೆ.
ಗುತ್ಯಪ್ಪ ಬಾಗಿಲು ನೋಡಿದರು, ನನ್ನನ್ನು ನೋಡಿದರು.
ಮೂರನೆಯ ಬೆಂಚಿನ ತುದಿಯಲ್ಲಿ
ಒಂದೂವರೆ ಅಡಿ ಇತ್ತೋ ಇಲ್ಲವೋ,
ಕೂತರು.

ಪಕ್ಕದಲ್ಲಿ ಯಾರೋ ಬ್ಯಾಗು ಸರಿಸಿದ ಸದ್ದು.
ಜಾಗ ಮಾಡಿಕೊಡಲೋ,
ತಾಗದಿರಲೋ,
ನಾನು ಬೋರ್ಡಿನ ಕಡೆ ತಿರುಗಿದ್ದೆ.